ಓಗೊಟ್ಟವರ ಸಹಿ



ನನಗೆ ಕೊಟ್ಟಿರುವ ವಿಷಯ ದೇವರ ಕರೆ ಮತ್ತು ಅದಕ್ಕೆ ಮನುಷ್ಯ ಕೊಡುವ ಉತ್ತರ. ದೇವಶಾಸ್ತ್ರ ಓದಿದವರು ಇದನ್ನು ಸತ್ಯವೇದದಿಂದ ಶುರು ಮಾಡುತ್ತಾರೆ. ನಾನು ವಾಡಿ ಜಂಕ್ಷನ್ನಿನ ರೇಲ್ವೆ ಕ್ವಾರ್ಟರ್ಸಿನಿಂದ ಶುರು ಮಾಡುತ್ತೇನೆ. ಕರೆ ಎಂದರೇನು ಎಂಬುದನ್ನು ನಾನು ಮೊದಲು ಕಂಡದ್ದು ಅಲ್ಲಿ.

ನಮ್ಮ ತಂದೆ ಕಾಲ್‌ಬಾಯ್ ಆಗಿದ್ದರು. ಈಗಿನ ಹುಡುಗರಿಗೆ ಈ ಕೆಲಸದ ಹೆಸರೂ ಗೊತ್ತಿಲ್ಲ. ಗಾಡಿ ಹೊರಡುವುದಕ್ಕೆ ಎರಡು ತಾಸು ಮೊದಲು ಡ್ರೈವರ್, ಫೈರ್‌ಮನ್, ಗಾರ್ಡ್ ಇವರ ಮನೆಗಳಿಗೆ ಹೋಗಿ, ಬಾಗಿಲು ಬಡಿದು ಎಬ್ಬಿಸುವುದು ಕಾಲ್‌ಬಾಯ್ ಕೆಲಸ. ಒಂದು ಕೈಯಲ್ಲಿ ಕಂದೀಲು, ಬಗಲಲ್ಲಿ ಕಾಲ್‌ಬುಕ್. ಆ ಬುಕ್ಕಿನಲ್ಲಿ ಗಾಡಿಯ ನಂಬರು, ಹೊರಡುವ ವೇಳೆ, ಕರೆಯಬೇಕಾದವರ ಹೆಸರು ಬರೆದಿರುತ್ತಿತ್ತು. ಪಕ್ಕದಲ್ಲಿ ಸಹಿಗೆ ಒಂದು ಖಾಲಿ ಕಲಂ. ನಡುರಾತ್ರಿ ಬಾಗಿಲು ಬಡಿದಾಗ ಒಳಗಿನಿಂದ ‘ಬಂದೆ’ ಎಂಬ ದನಿ ಬಂದರೆ ಸಾಲದು. ಎಷ್ಟೋ ಜನ ನಿದ್ದೆಗಣ್ಣಿನಲ್ಲೇ ಬಂದೆ ಅಂದು ಮಗ್ಗಲು ಬದಲಿಸುತ್ತಿದ್ದರು. ಆದ್ದರಿಂದ ಮನುಷ್ಯ ಎದ್ದು, ಬಾಗಿಲು ತೆಗೆದು, ಕಂದೀಲಿನ ಬೆಳಕಿನಲ್ಲಿ ಸಹಿ ಮಾಡಬೇಕು ಎಂಬುದು ನೇಮ. ತಂದೆ ಹೇಳುತ್ತಿದ್ದರು: “ಬಂದೆ ಅಂದಾವ ಎದ್ದಾನಂತ ತಿಳೀಬ್ಯಾಡ. ಸಹಿ ಮಾಡಿದಾವ ಎದ್ದಾನ.”

ಒಮ್ಮೆ ಶಾಲೆಗೆ ಸೂಟಿ ಇದ್ದಾಗ ನಾನು ಹಟ ಮಾಡಿ ಅವರ ಜೊತೆ ರಾತ್ರಿ ಪಾಳಿಗೆ ಹೋಗಿದ್ದೆ. ಅವತ್ತು ಕಂಡದ್ದು ಇಂದಿಗೂ ಕಣ್ಣ ಮುಂದಿದೆ. ತಂದೆ ಬಾಗಿಲು ಬಡಿದ ಪ್ರತಿ ಮನೆಯಲ್ಲೂ ಮೊದಲು ಎದ್ದವಳು ಮನೆಯಾಕೆ. ಅವಳೇ ದೀಪ ದೊಡ್ಡದು ಮಾಡುವಳು, ಅವಳೇ ಗಂಡನನ್ನು ಅಲುಗಾಡಿಸುವಳು, ಅವನು ಸಹಿ ಮಾಡುವಷ್ಟರಲ್ಲಿ ಒಲೆ ಹೊತ್ತಿಸಿ ಚಹಾಕ್ಕೆ ಇಟ್ಟು, ರೊಟ್ಟಿ ತಟ್ಟಿ ಡಬ್ಬಿ ಕಟ್ಟುವಳು. ಕರೆ ಕೇಳಿಸಿದ್ದು ಅವಳಿಗೆ ಮೊದಲು, ಎದ್ದದ್ದೂ ಅವಳು ಮೊದಲು. ಕಾಲ್‌ಬುಕ್ಕಿನಲ್ಲಿ ಅವಳ ಸಹಿಗೆ ಕಲಂ ಇರಲಿಲ್ಲ. ಊರೆಲ್ಲ ಮಲಗಿದಾಗ ಮಳೆ ಚಳಿ ಎನ್ನದೆ ಓಡಾಡುವ ಕಾಲ್‌ಬಾಯ್ ಹೆಸರೂ ಆ ಕಲಮಿನಲ್ಲಿ ಇರುತ್ತಿರಲಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೆ: ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳ ಸುತ್ತಮುತ್ತ ಕ್ರಿಸ್ತನ ಕರೆಗೆ ಎದ್ದು ನಿಂತವರಲ್ಲಿ ಬಹುಪಾಲು ಜನರ ಸಹಿ ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಕ್ರಿಯಾಪದವಿದೆ, ಓಗೊಡು. ಓ ಮತ್ತು ಕೊಡು ಸೇರಿ ಆದದ್ದು. ಕರೆದವನಿಗೆ ‘ಓ’ ಅನ್ನುವುದನ್ನು ನಾವು ಕೊಡುವುದು ಎನ್ನುತ್ತೇವೆ, ಅದು ಕೊಡುಗೆ. ಹೊಲದ ಈ ಬದುವಿನಿಂದ ಆ ಬದುವಿಗೆ ಹೆಸರು ಹಿಡಿದು ಕೂಗಿದಾಗ ಅತ್ತ ಕಡೆಯಿಂದ ‘ಓ’ ಬಂದರೆ ಮುಂದಿನ ಮಾತು. ಬರದಿದ್ದರೆ ಮತ್ತೆ ಕೂಗಬೇಕು. ಹಾಗಾಗಿ ಕರೆ ಪೂರ್ತಿಯಾಗುವುದು ಕರೆಯುವವನ ಬಾಯಲ್ಲಿ ಅಲ್ಲ, ಕೇಳುವವನ ಬಾಯಲ್ಲಿ. ಇಷ್ಟು ಒಳ್ಳೆಯ ಮಾತು ಕೈಯಲ್ಲಿದ್ದೂ ನಮ್ಮ ಸಭೆಗಳಲ್ಲಿ ‘ದೇವಕರೆ’ ಎಂಬ ಶಬ್ದ ಬಹಳ ಸಣ್ಣದಾಗಿಹೋಗಿದೆ. ‘ಆ ಹುಡುಗನಿಗೆ ದೇವಕರೆ ಇದೆ’ ಎಂದರೆ ಅವನು ಸೆಮಿನರಿಗೆ ಹೋಗುತ್ತಾನೆ ಎಂದರ್ಥ. ಕಥೋಲಿಕರಲ್ಲಿ ಹುಡುಗಿಗೆ ದೈವಕರೆ ಇದೆ ಎಂದರೆ ಅವಳು ಕನ್ಯಾಮಠ ಸೇರುತ್ತಾಳೆ. ಉಳಿದವರಿಗೆ ಏನಿದೆ? ಫರಸಿ ಕಲ್ಲು ಎತ್ತುವವನಿಗೆ, ತೊಗರಿ ರಾಶಿ ಮಾಡುವವಳಿಗೆ, ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆ ಕಾರ್ಮಿಕನಿಗೆ ದೇವರು ಏನನ್ನೂ ಹೇಳಲಿಲ್ಲವೇ?

ಸತ್ಯವೇದ ಹಾಗೆ ಹೇಳುವುದಿಲ್ಲ. ಸಮುವೇಲನ ಕಥೆ ಭಾನುವಾರ ಶಾಲೆಗೆ ಹೋದ ಪ್ರತಿ ಮಗುವಿಗೂ ಗೊತ್ತು. ಹುಡುಗ ದೇವಾಲಯದಲ್ಲಿ ಮಲಗಿದ್ದಾನೆ, ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಅವನು ಮುದುಕ ಏಲಿ ಕರೆದನೆಂದು ಓಡುತ್ತಾನೆ. ಒಮ್ಮೆ, ಎರಡು ಬಾರಿ, ಮೂರು ಬಾರಿ. ಮೂರನೆಯ ಸಲ ಏಲಿಗೆ ಹೊಳೆಯುತ್ತದೆ, ಇದು ದೇವರ ದನಿ ಎಂದು. ಪ್ರಸಂಗಗಳಲ್ಲಿ ಎಲ್ಲರೂ ಸಮುವೇಲನನ್ನು ಹೊಗಳುತ್ತಾರೆ. ನನಗೆ ಮಾತ್ರ ಯಾವಾಗಲೂ ಏಲಿಯ ಮೇಲೆ ಕಣ್ಣು. ಕಣ್ಣು ಮಂಜಾದ ಮುದುಕ, ಮಕ್ಕಳು ಕೈಮೀರಿ ಹೋದವರು, ದೇವರ ಮಾತು ವಿರಳವಾಗಿದ್ದ ಕಾಲ. ಆದರೂ ಇನ್ನೊಬ್ಬನಿಗೆ ಬಂದ ಕರೆಯನ್ನು ಗುರುತಿಸಿ, ಹೋಗು, ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು ಎಂದು ಹೇಳಿಕೊಟ್ಟವನು ಅವನೇ. ಅವನು ಆ ರಾತ್ರಿಯ ಕಾಲ್‌ಬಾಯ್. ಇನ್ನೂ ಒಂದು ಮಾತು. ಸಮುವೇಲನಿಗೆ ಮೊದಲು ಬಂದ ಸಂದೇಶವೇ ಏಲಿಯ ಮನೆತನಕ್ಕೆ ಬರಲಿರುವ ಕೇಡಿನದು. ಬೆಳಿಗ್ಗೆ ಹುಡುಗ ಹೇಳಲು ಅಂಜಿದಾಗ, ಮುಚ್ಚಿಡಬೇಡ ಎಂದು ಒತ್ತಾಯಿಸಿ ಹೇಳಿಸಿಕೊಂಡವನೂ ಏಲಿಯೇ. ತನ್ನ ವಿರುದ್ಧದ ಮಾತನ್ನು ತಾನೇ ಕೇಳಿಸಿಕೊಳ್ಳುವ ಆ ಧೈರ್ಯವನ್ನು ನಾವು ಮಕ್ಕಳಿಗೆ ಹೇಳಿಕೊಡುವುದೇ ಇಲ್ಲ.

ಕರೆ ಬಂದ ಜಾಗಗಳನ್ನು ನೋಡಿ. ಮೋಶೆ ಮಾವನ ಕುರಿ ಕಾಯುತ್ತಿದ್ದ. ಗಿದ್ಯೋನ ಶತ್ರುಗಳ ಕಣ್ಣು ತಪ್ಪಿಸಿ ದ್ರಾಕ್ಷಿಯ ತೊಟ್ಟಿಯಲ್ಲಿ ಗೋಧಿ ಬಡಿಯುತ್ತಿದ್ದ. ಆಮೋಸ ದನಗಾಹಿ, ಅತ್ತಿಹಣ್ಣು ನೋಡಿಕೊಳ್ಳುವವ. ಮತ್ತಾಯ ಸುಂಕದ ನಾಕೆಯಲ್ಲಿ ಕುಳಿತಿದ್ದ. ಪೇತ್ರನ ಕೈಯಲ್ಲಿ ಬಲೆ. ಎಲ್ಲರೂ ಕೆಲಸದಲ್ಲಿದ್ದವರು. ಕೂಡಲೇ ಒಪ್ಪಿದವರು ಕಡಿಮೆ. ಮೋಶೆ ನೆಪದ ಮೇಲೆ ನೆಪ ಹೇಳಿದ, ಮಾತು ಬಾರದು ಎಂದ, ಕೊನೆಗೆ ಬೇರೆ ಯಾರನ್ನಾದರೂ ಕಳಿಸು ಎಂದೇ ಬೇಡಿಕೊಂಡ. ಯೆರೆಮೀಯ ನಾನಿನ್ನೂ ಸಣ್ಣವ ಎಂದ. ಯೋನ ಹಡಗು ಹತ್ತಿ ಓಡಿಯೇ ಹೋದ. ಮರಿಯ ಮಾತ್ರ ಒಂದೇ ಪ್ರಶ್ನೆ ಕೇಳಿ, ಉತ್ತರ ಕೇಳಿ, ಒಪ್ಪಿದಳು. ಆ ಒಪ್ಪಿಗೆಗೆ ಆಕೆ ತೆತ್ತ ಬೆಲೆ ಎಷ್ಟೆಂಬುದು ಶಿಲುಬೆಯ ಬುಡದಲ್ಲಿ ತಿಳಿಯಿತು. ಯೇಸು ಎದುರಿಗೆ ನಿಂತು ಕರೆದಾಗ ದುಃಖಪಟ್ಟುಕೊಂಡು ಹಿಂದಿರುಗಿದ ಒಬ್ಬನಿದ್ದಾನೆ. ಅವನಿಗೆ ಬಹಳ ಆಸ್ತಿ ಇತ್ತು.

ಈಗ ನಮ್ಮ ಊರಿಗೆ ಬರೋಣ. ಈ ಸೀಮೆಗೆ ಸುವಾರ್ತೆ ಗಟ್ಟಿಯಾಗಿ ಬಂದದ್ದು ಹಳಿಗಳ ಜೊತೆಯಲ್ಲಿ. ಮುಂಬಯಿಯಿಂದ ಬಂದ ಜಿ.ಐ.ಪಿ. ರೇಲ್ವೆ 1871ರಲ್ಲಿ ರಾಯಚೂರು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಸಿಕಂದರಾಬಾದಿನವರೆಗೆ ಹೈದರಾಬಾದಿನ ನಿಜಾಮರ ಗಾಡಿ ಓಡಿತು. ಸರಿಯಾಗಿ ಅದೇ ವರ್ಷಗಳಲ್ಲಿ ಅಮೆರಿಕದ ಮೆಥೊಡಿಸ್ಟ್ ಬೋಧಕ ವಿಲಿಯಂ ಟೇಲರ್ ಭಾರತದಲ್ಲಿ ತಿರುಗುತ್ತಿದ್ದ. 1870ರಲ್ಲಿ ಬಂದವನು 1871ರಲ್ಲಿ ಮುಂಬಯಿಯಲ್ಲಿ ಸಭೆ ಕಟ್ಟಿದ. ಅವನ ಮಾತಿಗೆ ಮೊದಲು ಓಗೊಟ್ಟವರಲ್ಲಿ ರೇಲ್ವೆಯ ಆಂಗ್ಲೋ ಇಂಡಿಯನ್ ನೌಕರರು ಬಹಳ. ಅವರು ವರ್ಗವಾಗಿ ಹೋದ ಸ್ಟೇಷನ್ನುಗಳಿಗೆ ಪ್ರಾರ್ಥನೆಯೂ ಹೋಯಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಮೆಥೊಡಿಸ್ಟರು ಇಂಗ್ಲಿಷ್ ಬಿಟ್ಟು ಕನ್ನಡ, ತೆಲುಗು, ಮರಾಠಿಗಳಿಗೆ ತಿರುಗಿದರು. ಕಲಬುರಗಿ, ಬೀದರ್, ವಿಕಾರಾಬಾದ್‌ಗಳ ಹಳ್ಳಿಗಳಿಗೆ ಇಳಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಇವರು ಅದರಲ್ಲಿ ಸೇರಲಿಲ್ಲ. 1981ರಿಂದ ಭಾರತದ ಮೆಥೊಡಿಸ್ಟ್ ಸಭೆ ಎಂದು ಸ್ವತಂತ್ರವಾಗಿದ್ದಾರೆ. ಕಥೋಲಿಕರಿಗೆ ಕಲಬುರಗಿಯಲ್ಲೇ ಬಿಷಪ್ ಬಂದದ್ದು ಈಚೆಗೆ, 2005ರಲ್ಲಿ.

ಮೆಥೊಡಿಸ್ಟ್ ಎಂಬ ಪಂಥದ ಹುಟ್ಟನ್ನು ಶಹಾಬಾದಿನವರು ವಿಶೇಷವಾಗಿ ತಿಳಿಯಬೇಕು. 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳಿದ್ದರು. ಅವರನ್ನು ಚರ್ಚು ಒಳಗೆ ಕರೆದಿರಲಿಲ್ಲ. ಜಾರ್ಜ್ ವೈಟ್‌ಫೀಲ್ಡ್ ಎಂಬ ತರುಣ ಪಾದ್ರಿ ಬಯಲಿಗೇ ಹೋಗಿ ಅವರೊಡನೆ ಮಾತಾಡಿದ. ಮಸಿ ಮೆತ್ತಿದ ಅವರ ಕೆನ್ನೆಗಳ ಮೇಲೆ ಕಣ್ಣೀರು ಹರಿದು ಬಿಳಿಯ ಗೆರೆಗಳು ಮೂಡಿದ್ದನ್ನು ಅವನು ಕಂಡ. ಅವನ ಒತ್ತಾಯಕ್ಕೆ ಜಾನ್ ವೆಸ್ಲಿ ಕೂಡ ಬಯಲಿಗಿಳಿದ, ಮನಸ್ಸಿಲ್ಲದ ಮನಸ್ಸಿನಿಂದ. ಗುಡಿಯ ಹೊರಗೆ ಬೋಧಿಸುವುದು ಮರ್ಯಾದೆಗೇಡು ಎಂದು ಅದುವರೆಗೆ ನಂಬಿದ್ದವನು ಆಮೇಲೆ ಐವತ್ತು ವರ್ಷ ಕುದುರೆಯ ಮೇಲೆ ಊರೂರು ತಿರುಗಿದ. ಶಹಾಬಾದಿನ ಖಣಿಗಳಲ್ಲಿ ಪದರು ಪದರಾಗಿ ಕಲ್ಲು ಸೀಳುವವರ ಮುಖವನ್ನು ಸಂಜೆ ಹೊತ್ತು ನೋಡಿದವರಿಗೆ ಆ ದೃಶ್ಯ ತಿರುಗುಮುರುಗಾಗಿ ಕಾಣಿಸುತ್ತದೆ. ಇಲ್ಲಿ ಮೆತ್ತುವುದು ಬೂದುಬಿಳಿ ಧೂಳು. ಬೆವರೋ ಕಣ್ಣೀರೋ ಹರಿದರೆ ಮೂಡುವುದು ಕಪ್ಪು ಗೆರೆ. ದೇಶದ ಎಷ್ಟೋ ಮನೆಗಳ ನೆಲ ಈ ಕಲ್ಲಿನದು. ಆ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸುವವರಿಗೆ ಅದನ್ನು ಸೀಳಿದ ಕೈ ಯಾರದೆಂಬ ನೆನಪಿರಬೇಕು.

ಕರೆ ಎಂದರೆ ಒಬ್ಬಂಟಿಯ ಎದೆಯಲ್ಲಿ ನಡೆಯುವ ಘಟನೆ ಎಂದು ನಮಗೆ ಓದಿಸಿದ್ದಾರೆ. ಕನ್ನಡ ನಾಡಿನಲ್ಲಿ ಅದಕ್ಕೆ ದೊಡ್ಡ ಉದಾಹರಣೆ ಮಂಗಳೂರಿನ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ತರುಣ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರ ಪ್ರಭಾವದಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ, ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಅಭಿಷಿಕ್ತ ಬೋಧಕನಾಗಿ ಮರಳಿದ. ಮನೆತನ, ಬಳಗ, ಜಾತಿ ಎಲ್ಲ ಕಳಚಿ ಹೋದವು. ಅವನ ಹೆಸರನ್ನು ಪುಸ್ತಕಗಳು ಉಳಿಸಿಕೊಂಡಿವೆ. ನಮ್ಮ ಕಡೆ ನಡೆದದ್ದು ಬೇರೆ ರೀತಿ. ಇಲ್ಲಿ ಓಗೊಟ್ಟದ್ದು ಒಬ್ಬನಲ್ಲ, ಕೇರಿ. ಊರ ಹೊರಗಿನ ಕೇರಿಯಲ್ಲಿ ಹಿರಿಯರು ಕುಳಿತು, ವಾರಗಟ್ಟಲೆ ಮಾತಾಡಿ, ಬೀಗರ ಊರಿಗೆ ಹೇಳಿಕಳಿಸಿ, ನಾಲ್ಕು ಮನೆ ಒಪ್ಪದಿದ್ದರೆ ಅವರಿಗಾಗಿ ಕಾದು, ಕೊನೆಗೆ ಕುಟುಂಬ ಕುಟುಂಬವೇ ಬೋಧಕನ ಮುಂದೆ ನಿಂತಿತು. ಬಂದವರಲ್ಲಿ ಹೆಚ್ಚಿನವರು ಮಾದಿಗರು, ಹೊಲೆಯರು. ಊರ ಬಾವಿಯ ಹಗ್ಗ ಮುಟ್ಟಲಾಗದವರು.

ಹೀಗೆ ಕೂಡಿ ಬಂದವರ ನಂಬಿಕೆ ನಿಜವೇ ಎಂದು ಅಂದೂ ಕೇಳಿದರು, ಇಂದೂ ಕೇಳುತ್ತಾರೆ. ಹೊಟ್ಟೆಗಾಗಿ ಹೋದರು, ಶಾಲೆಗಾಗಿ ಹೋದರು, ದೊರೆಗಳ ಆಸರೆಗಾಗಿ ಹೋದರು ಎಂಬ ಮಾತು. ಮೆಥೊಡಿಸ್ಟ್ ಬೋಧಕ ವಾಸ್ಕಮ್ ಪಿಕೆಟ್ ಇದನ್ನೇ ಹಳ್ಳಿಹಳ್ಳಿ ತಿರುಗಿ ಪರೀಕ್ಷಿಸಿ 1933ರಲ್ಲಿ ದೊಡ್ಡ ಪುಸ್ತಕ ಬರೆದ. ಗುಂಪಾಗಿ ಬಂದವರ ನಂಬಿಕೆಯೂ ಗಟ್ಟಿಯೇ ಎಂಬುದು ಅವನ ಅಭಿಪ್ರಾಯ. ನನಗೆ ಅವನ ಪುಸ್ತಕಕ್ಕಿಂತ ವಿಮೋಚನಕಾಂಡವೇ ದೊಡ್ಡ ಸಾಕ್ಷಿ. ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಜೀತದವರು ಗೋಳಾಡಿದರು, ದೇವರು ಆ ಗೋಳನ್ನು ಕೇಳಿದನು ಎಂದಿದೆ. ಅಲ್ಲಿ ಮೊದಲು ಕೂಗಿದವರು ಮನುಷ್ಯರು, ಓಗೊಟ್ಟವನು ದೇವರು. ಹಸಿದವನಿಗೆ ಅನ್ನ, ಬಗ್ಗಿದವನಿಗೆ ನೆಟ್ಟಗೆ ನಿಲ್ಲುವ ಅವಕಾಶ ಕೊಡದ ಕರೆಯನ್ನು ದೇವರ ಕರೆ ಎನ್ನಲು ನನಗೆ ಬಾಯಿ ಬಾರದು. ಮಗಳು ಓದು ಕಲಿಯಲಿ ಎಂದು ಯೇಸುವಿನ ಬಳಿಗೆ ಬಂದ ತಾಯಿ, ಮಗಳನ್ನು ಹಿಡಿದ ದೆವ್ವ ಬಿಡಲಿ ಎಂದು ಬಂದ ಸುವಾರ್ತೆಯ ತಾಯಿಗಿಂತ ಯಾವುದರಲ್ಲಿ ಕಡಿಮೆ?

ಲಾಭಕ್ಕೆ ಹೋದರು ಎನ್ನುವವರು ಲೆಕ್ಕ ಪೂರ್ತಿ ಮಾಡಲಿ. 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಎಂದಾಯಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತ ಹೊರಗೇ ಉಳಿದ. ಕೇರಿ ಅದೇ, ಬೇಲಿ ಅದೇ, ಚಹಾದಂಗಡಿಯ ಲೋಟ ಅದೇ. ಕಾಗದದಲ್ಲಿ ಮಾತ್ರ ಅವನು ಬೇರೆ. ಮಕ್ಕಳ ಶಾಲಾ ದಾಖಲೆಯಲ್ಲಿ ಒಂದು ಹೆಸರು, ಸಭೆಯ ರಿಜಿಸ್ಟರಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕಿದ ಮನೆಗಳನ್ನು ನಾನು ಬಲ್ಲೆ. ಅವರನ್ನು ಹೇಡಿಗಳು ಎನ್ನುವ ಅಧಿಕಾರ, ಸಹಿ ಮಾಡಿದರೆ ಏನೂ ಕಳೆದುಕೊಳ್ಳದ ನಮಗೆ ಇಲ್ಲ. ಇಂಥವರನ್ನೇ ಕರೆಯುವವರನ್ನಾಗಿ ನಿಲ್ಲಿಸಿದವರೂ ಇದ್ದರು. ಇದೇ ನಿಜಾಮರ ಸೀಮೆಯ ದೋರ್ನಕಲ್ಲಿನಲ್ಲಿ 1912ರಿಂದ ಬಿಷಪ್ ಆಗಿದ್ದ, ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್ ಅಜರಯ್ಯನವರು ದೀಕ್ಷಾಸ್ನಾನ ಪಡೆದ ಕೂಲಿಕಾರನಿಂದಲೂ ಅವನದೇ ತಲೆಯ ಮೇಲೆ ಕೈಯಿಡಿಸಿ, ಸುವಾರ್ತೆ ಸಾರದಿದ್ದರೆ ನನ್ನ ಗತಿ ಏನು ಎಂಬರ್ಥದ ಪೌಲನ ಮಾತನ್ನು ಹೇಳಿಸುತ್ತಿದ್ದರು. ಕರೆಸಿಕೊಂಡವನನ್ನು, ಓದು ಬರಹ ಬಾರದಿದ್ದರೂ, ಒಂದೇ ದಿನದಲ್ಲಿ ಕರೆಯುವವನನ್ನಾಗಿ ಮಾಡಿದ ರೀತಿ ಅದು.

ಪೌಲನ ಹೆಸರು ಬಂತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಅವನ ಒಂದು ಮಾತಿದೆ. ಕರೆ ಬಂದಾಗ ಯಾವ ಸ್ಥಿತಿಯಲ್ಲಿದ್ದೀರೋ ಅದೇ ಸ್ಥಿತಿಯಲ್ಲಿ ಇರಿ ಎಂಬ ಅರ್ಥದ್ದು. ನಮ್ಮಂಥ ನಾಡಿನಲ್ಲಿ ಇದು ಬೆಂಕಿಯಂಥ ಮಾತು. ಚರ್ಮ ಹದ ಮಾಡುವವನು ಅದನ್ನೇ ಮಾಡಿಕೊಂಡಿರಲಿ, ದೇವರೇ ಹೇಳಿದ್ದಾನೆ ಎಂದು ಯಾರಾದರೂ ಅರ್ಥ ಮಾಡಿದರೆ? ಮಾಡಿದ್ದಾರೆ ಕೂಡ. ಆದರೆ ಮುಂದಿನ ಸಾಲಿನಲ್ಲೇ ಪೌಲ ದಾಸನಿಗೆ ಬಿಡುಗಡೆಯ ಮಾತಾಡುತ್ತಾನೆ. ಲೂಥರ್ 16ನೆಯ ಶತಮಾನದಲ್ಲಿ, ಮಠದ ಸನ್ಯಾಸಿಗೆ ಮಾತ್ರ ಮೀಸಲಾಗಿದ್ದ ಕರೆ ಎಂಬ ಶಬ್ದವನ್ನು ಚಮ್ಮಾರನಿಗೂ ಹಾಲು ಕರೆಯುವವಳಿಗೂ ಕೊಟ್ಟ. ದೊಡ್ಡ ಕೆಲಸ. ಆದರೆ ಅವರವರ ಕಸುಬು ಅವರವರಿಗೆ ಎಂಬ ಅಂಚು ಅದರಲ್ಲಿಯೂ ಉಳಿಯಿತು.

ಈ ಗಂಟನ್ನು ಬಿಚ್ಚಲು ನನಗೆ ನೆರವಾದದ್ದು ಪಕ್ಕದ ಬೀದರ್ ಸೀಮೆಯ ಶರಣರು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದ, ಬಸವಣ್ಣನ ಹೆಸರು ಕೇಳಿ ರಾಜ್ಯ ಬಿಟ್ಟು ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದ ಎಂದು ಪರಂಪರೆ ಹೇಳುತ್ತದೆ. ಇಲ್ಲಿ ಕರೆ ಅರಸನನ್ನು ಅರಸನಾಗಿಯೇ ಇರು ಎನ್ನಲಿಲ್ಲ. ಮೇಲಿದ್ದವನು ಇಳಿದು ಬಂದ, ತಲೆಯ ಮೇಲೆ ಹೊರೆ ಹೊತ್ತ. ಕಾಯಕ ಎಂಬುದು ಹುಟ್ಟಿನಿಂದ ಅಂಟಿದ ಕಸುಬಲ್ಲ, ಒಪ್ಪಿ ಹೊತ್ತದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಕಥೆ ಬೇಡ. ದೇವರು ಕೆಳಗಿದ್ದವನಿಗೆ ಏಳು ಎನ್ನುತ್ತಾನೆ, ಮೇಲಿದ್ದವನಿಗೆ ಇಳಿ ಎನ್ನುತ್ತಾನೆ; ಇದ್ದಲ್ಲೇ ಇರು ಎಂಬ ಮಾತು ಇವೆರಡೂ ಆದಮೇಲಿನದು. ಪೌಲನನ್ನು ನಾನು ಹೀಗೆ ಓದುತ್ತೇನೆ.

ಆ ಮಾರಯ್ಯ ಮತ್ತು ಮಹಾದೇವಿಯವರ ವಚನಗಳನ್ನು ಸಂಪಾದಿಸಿ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ, ಉತ್ತಂಗಿ ಚನ್ನಪ್ಪನವರು. ಅವರ ಬಗ್ಗೆ ಸ್ವಲ್ಪ ನಿಲ್ಲಲು ಅಪ್ಪಣೆ ಬೇಕು, ಯಾಕೆಂದರೆ ಕರೆಗೆ ಕನ್ನಡದಲ್ಲಿ ಓಗೊಡುವುದು ಹೇಗೆ ಎಂಬುದಕ್ಕೆ ಅವರಿಗಿಂತ ದೊಡ್ಡ ಮಾದರಿ ನನಗೆ ಕಾಣದು. 1881ರಲ್ಲಿ ಹುಟ್ಟಿದರು, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿದರು, ಬಾಸೆಲ್ ಮಿಶನ್ನಿನ ಬೋಧಕರಾದರು. ಸುವಾರ್ತೆ ಹೇಳಲು ಹಳ್ಳಿಗಳಿಗೆ ಹೋದವರ ಕಿವಿಗೆ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳು ಬಿದ್ದವು. ಹೇಳಲು ಹೋದವರು ಕೇಳಲು ಕುಳಿತರು. ಊರೂರು ಅಲೆದು ಓಲೆಗರಿ, ಕೈಬರಹ, ಬಾಯಿಮಾತು ಎಲ್ಲ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಬಾಗಿಲಿಂದ ಬಾಗಿಲಿಗೆ ಹೋದ ಮನುಷ್ಯ. ಕೊಡುವುದಕ್ಕೂ ಹೋದ, ಬೇಡುವುದಕ್ಕೂ ಹೋದ. ಅವರ ಒಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಆ ‘ವಿನಂತಿ’ ಎಂಬ ಶಬ್ದದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಆಗ ಮಿಶನ್ ಬರಹಗಳಲ್ಲಿ ಖಂಡನೆಯ ದನಿ ಬೇಕಾದಷ್ಟಿತ್ತು. ಇವರು ಬೆತ್ಲೆಹೇಮಿನ ಬಾಯಲ್ಲಿ ಅಪ್ಪಣೆಯನ್ನಿಡಲಿಲ್ಲ, ಕೈಮುಗಿದು ಕೇಳುವ ಮಾತನ್ನಿಟ್ಟರು.

ಶರಣರ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಚರ್ಚೆ ಎದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಪುಸ್ತಕ ಬರೆದವರೂ ಈ ಪಾದ್ರಿಯೇ. 1949ರಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಕಲಬುರಗಿಯಲ್ಲಿ ನಡೆದಾಗ ಅಧ್ಯಕ್ಷತೆ ವಹಿಸಿದವರು ಅವರು. ಆ ಹೊತ್ತನ್ನು ನೆನೆಸಿಕೊಳ್ಳಿ. ಹೈದರಾಬಾದ್ ಸಂಸ್ಥಾನದ ಮೇಲೆ 1948ರ ಸೆಪ್ಟೆಂಬರಿನಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆ ಮುಗಿದು ಹೆಚ್ಚು ದಿನವಾಗಿರದ ಕಾಲ. ರಜಾಕಾರರ ಹಾವಳಿಯ ಗಾಯ, ಆಮೇಲಿನ ಸೇಡಿನ ಗಾಯ, ಎರಡೂ ಹಸಿಯಾಗಿದ್ದ ಸೀಮೆ. ಯಾರು ಯಾವ ಧರ್ಮ ಎಂಬುದೇ ಪ್ರಾಣದ ಪ್ರಶ್ನೆಯಾಗಿ ಹೋಗಿದ್ದ ನೆಲದಲ್ಲಿ, ಕನ್ನಡಿಗರೆಲ್ಲ ಕೂಡಿ ಒಬ್ಬ ಕ್ರೈಸ್ತ ಬೋಧಕನನ್ನು ಕನ್ನಡದ ಹಿರಿಯ ಪೀಠದಲ್ಲಿ ಕೂಡಿಸಿದರು. ಕ್ರಿಸ್ತನ ಕರೆಗೆ ಓಗೊಟ್ಟವನು ನಾಡಿಗೆ ಹೊರಗಿನವನಾಗುತ್ತಾನೆ ಎಂಬ ಮಾತನ್ನು ಯಾರಾದರೂ ಈ ಜಿಲ್ಲೆಯಲ್ಲಿ ಆಡಿದರೆ 1949ನ್ನು ಅವರಿಗೆ ನೆನಪಿಸಿ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ. ಅಲ್ಲಿ ಗುಡಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಅವನ ಹನ್ನೆರಡನೆಯ ಶಾಸನವೂ ಇದೆ: ನಿಮ್ಮ ಪಂಥವನ್ನು ಹೊಗಳುವಾಗ ನಾಲಿಗೆಗೆ ಹಿಡಿತವಿರಲಿ, ಇನ್ನೊಬ್ಬರ ಧರ್ಮವನ್ನು ಕೇಳಿಸಿಕೊಳ್ಳಿ ಎಂಬುದು ಅದರ ಸಾರ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೂ ಪರರ ವಿಚಾರವನ್ನು ಸೈರಿಸುವುದನ್ನು ಸಂಪತ್ತೆಂದೇ ಎಣಿಸಿತು. ಕೇಳಿಸಿಕೊಳ್ಳುವುದು ಈ ಮಣ್ಣಿನ ಹಳೆಯ ವಿದ್ಯೆ. ಕೇಳಿಸಿಕೊಳ್ಳದವನು ಓಗೊಡುವುದು ಯಾವುದಕ್ಕೆ?

ಈಗ ಕಾಲ್‌ಬುಕ್ಕಿನಲ್ಲಿ ಕಲಂ ಇಲ್ಲದವರ ಮಾತು. ಅಮೆರಿಕದ ಮೆಥೊಡಿಸ್ಟ್ ಹೆಂಗಸರು 1869ರಲ್ಲಿ ಬಾಸ್ಟನ್ನಿನಲ್ಲಿ ತಮ್ಮದೇ ಸಂಘ ಕಟ್ಟಿ, ಅದೇ ವರ್ಷ ಇಸಬೆಲ್ಲಾ ಥೋಬರ್ನ್ ಎಂಬ ಶಿಕ್ಷಕಿಯನ್ನೂ ಕ್ಲಾರಾ ಸ್ವೇನ್ ಎಂಬ ವೈದ್ಯೆಯನ್ನೂ ಭಾರತಕ್ಕೆ ಕಳಿಸಿದರು. ಇವರ ಚರಿತ್ರೆ ಅಚ್ಚಾಗಿದೆ, ಪಟಗಳಿವೆ. ಆದರೆ ನಮ್ಮ ಹಳ್ಳಿಗಳಲ್ಲಿ ಅಡುಗೆಮನೆಯೊಳಗೆ ಹೋಗಿ ಕುಳಿತು ಹೆಂಗಸರಿಗೆ ಅಕ್ಷರ ತಿದ್ದಿಸಿದವರು ಇಲ್ಲಿನವರೇ ಆದ ಬೈಬಲ್ ಹೆಂಗಸರು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಸುತ್ತಿದ ಸತ್ಯವೇದ, ಕಾಲ್ನಡಿಗೆ. ಪ್ಲೇಗು ಕಾಲರಾ ಬಂದಾಗ ಬೇರೆಯವರು ಊರು ಬಿಟ್ಟರೆ ಇವರು ಉಳಿದರು ಎಂದು ನಮ್ಮ ಮನೆಗಳ ಹಿರಿಯರು ಹೇಳುತ್ತಿದ್ದರು. ಮೆಥೊಡಿಸ್ಟ್ ಸಭೆ ಹೆಂಗಸರಿಗೆ ಪಾದ್ರಿಗಳ ಪೂರ್ಣ ಹಕ್ಕು ಕೊಟ್ಟದ್ದು 1956ರಲ್ಲಿ, ಕರ್ನಾಟಕ ಒಂದಾದ ವರ್ಷವೇ. ಅಷ್ಟರಲ್ಲಿ ಎರಡು ಮೂರು ತಲೆಮಾರಿನ ಹೆಂಗಸರು ಯಾವ ಹಕ್ಕೂ ಇಲ್ಲದೆ ಸಭೆಗಳನ್ನು ಕಟ್ಟಿ ಮಣ್ಣಾಗಿದ್ದರು.

ಪ್ರತಿ ನವೆಂಬರಿನಲ್ಲಿ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಮೆಥೊಡಿಸ್ಟರ ಜಾತ್ರೆ ನಡೆಯುತ್ತದೆ. ನೂರು ವರ್ಷದಷ್ಟು ಹಳೆಯದು. ವಾಡಿಯಿಂದ ಹೊರಟ ಪ್ಯಾಸೆಂಜರ್ ಗಾಡಿ ಚಿತ್ತಾಪುರ, ಸೇಡಂ ದಾಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು, ಕಂಬಳಿ, ಕಂಕುಳಲ್ಲಿ ಕೂಸು. ಕನ್ನಡ ತೆಲುಗು ಎರಡರಲ್ಲೂ ಭಜನೆ. ಅಲ್ಲಿ ಮರದಡಿ ಮೂರು ನಾಲ್ಕು ದಿನ ಉಳಿದು, ಹರಕೆ ತೀರಿಸಿ, ಮರಳಿ ಬಂದು ಸೋಮವಾರ ಕೂಲಿಗೆ ಹೋಗುತ್ತಾರೆ. ಇದು ನಿಜವಾದ ಭಕ್ತಿಯಲ್ಲ, ಜಾತ್ರೆ ಎಂದರೆ ಹಳೆಯ ರೂಢಿ ಎಂದು ಓದಿದವರು ಮೂಗು ಮುರಿಯುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ದಿನಗೂಲಿ ಬಿಟ್ಟು ನಾಲ್ಕು ದಿನ ಹೋಗುವವಳು ಮೀನುಬಲೆ ಬಿಟ್ಟು ಹೋದವರ ಸಾಲಿನಲ್ಲೇ ನಿಲ್ಲುತ್ತಾಳೆ.

ಇಂದಿನ ನಮ್ಮ ಸಭೆಗಳ ಬಗ್ಗೆ ಕಠಿಣವಾಗಿ ಒಂದು ಮಾತು ಹೇಳಬೇಕು. ಆಸ್ತಿಯ ವ್ಯಾಜ್ಯ, ಕಮಿಟಿಯ ಚುನಾವಣೆ, ಯಾವ ಪಾದ್ರಿಗೆ ಯಾವ ಊರು ಎಂಬ ಎಳೆದಾಟ ಇವುಗಳಲ್ಲಿ ಕರೆ ಎಂಬ ಶಬ್ದ ಸವೆದುಹೋಗುತ್ತಿದೆ. ಮೆಥೊಡಿಸ್ಟ್ ಪದ್ಧತಿಯಲ್ಲಿ ವಾರ್ಷಿಕ ಕಾನ್ಫರೆನ್ಸಿನ ಕೊನೆಗೆ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ. ಹೆಸರು ಓದಿದ ಊರಿಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗುವುದು ವೆಸ್ಲಿಯ ಕಾಲದಿಂದ ಬಂದ ಶಿಸ್ತು. ಆ ಪಟ್ಟಿಯಲ್ಲಿ ಚಿಂಚೋಳಿಯ ಕಾಡಂಚಿನ ಹಳ್ಳಿಯ ಹೆಸರು ಬಂದರೆ ಮುಖ ಬಾಡುವ ಪಾದ್ರಿ ತನ್ನ ಕರೆಯನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲಿ. ಹಾಗೆಯೇ, ಭಾನುವಾರ ಪೀಠದಿಂದ ‘ದೇವಕರೆ ಇರುವ ಯುವಕರು ಮುಂದೆ ಬನ್ನಿ’ ಎಂದು ಕರೆಯುವಾಗ, ನರ್ಸಿಂಗ್ ಓದಿ ದೂರದ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿರುವ ಹುಡುಗಿಯ ಹೆಸರನ್ನೂ, ಧೂಳಿನಿಂದ ಎದೆ ಕಟ್ಟಿ ಮನೆಯಲ್ಲಿ ಮಲಗಿದ ಖಣಿ ಕಾರ್ಮಿಕನ ಮಂಚದ ಬಳಿ ಕೂಡುವ ನೆರೆಮನೆಯವನ ಹೆಸರನ್ನೂ ಓದಿ. ಅವರನ್ನೂ ಸಭೆ ಎದ್ದು ನಿಂತು ಆಶೀರ್ವದಿಸಲಿ. ಏಲಿಯ ಕೆಲಸ ಅದು.

ವಾಡಿಯ ಓಣಿಗಳಲ್ಲಿ ಈಗ ಕಂದೀಲು ಹಿಡಿದು ಬಾಗಿಲು ಬಡಿಯುವವರಿಲ್ಲ, ಕರೆ ಫೋನಿನಲ್ಲಿ ಬರುತ್ತದೆ. ನಮ್ಮ ತಂದೆ ಹಿಡಿದು ತಿರುಗಿದ ಕಾಲ್‌ಬುಕ್ಕುಗಳು ರದ್ದಿಗೆ ಹೋದವು. ಒಂದನ್ನಾದರೂ ಇಟ್ಟುಕೊಳ್ಳಬೇಕು ಎಂದು ನಮಗಾರಿಗೂ ಹೊಳೆಯಲಿಲ್ಲ. ಅದಕ್ಕಾಗಿ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ಮುತ್ತಜ್ಜಿಯ ಸತ್ಯವೇದ ಇರಬಹುದು. ಅದರ ಖಾಲಿ ಹಾಳೆಯಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವಿನ ತಾರೀಖುಗಳಿರಬಹುದು. ಉಪದೇಶಿಯಾಗಿದ್ದ ಅಜ್ಜನ ನೋಟುಬುಕ್, ಬೈಬಲ್ ಹೆಂಗಸಾಗಿದ್ದ ಅಜ್ಜಿಯ ಭಜನೆಯ ಹಾಳೆ, ಜಾತ್ರೆಯಲ್ಲಿ ತೆಗೆಸಿಕೊಂಡ ಗುಂಪಿನ ಪಟ ಇರಬಹುದು. ಓದಲು ಬಾರದವಳು ಹಾಕಿದ ಹೆಬ್ಬೆಟ್ಟಿನ ಗುರುತಿದ್ದರೆ ಅದನ್ನು ಎಲ್ಲಕ್ಕಿಂತ ಜೋಪಾನ ಮಾಡಿ. ಕಲಿತ ಮೊಮ್ಮಕ್ಕಳು ಅವುಗಳ ಪಟ ತೆಗೆದು, ಪಟದಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಹಿರಿಯರನ್ನು ಕೇಳಿ ಕನ್ನಡದಲ್ಲಿ ಬರೆದಿಡಲಿ. ಹೆಸರು ಹೇಳಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಮಳೆಗಾಲ ಹಿಡಿಯುವ ಮೊದಲು ಆ ಪೆಟ್ಟಿಗೆ ತೆರೆಯಿರಿ.